ಇಪ್ಪತ್ತೆಂಟು ಗುಣ

ಎಲ್ಲ ರಗಳೆಗೂ ಮೂಲ, ಕಂಠೆಪ್ಪನ ಕಂಪ್ಯೂಟರಿನ ಮೂಲೆಯಲ್ಲಿ ಹುಟ್ಟಿಕೊಂಡ ಒಂದು ಹಳದಿ ಚೌಕ. ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿತ್ತು, ಒಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿರುತ್ತಿತ್ತು, ಕಂಠೆಪ್ಪ ಓಕೆ ಒತ್ತುತ್ತಿದ್ದ, ಹೋಗುತ್ತಿತ್ತು. ಅವನು ಕಲಿತ ಕಂಪ್ಯೂಟರ್ ವಿದ್ಯೆಯ ಮೊದಲ ಪಾಠವೂ ಕಡೆಯ ಪಾಠವೂ ಅದೇ. ಚೌಕ ಬಂದರೆ ಓಕೆ ಒತ್ತಬೇಕು. ಓದುತ್ತ ಕೂತರೆ ಗಿರಾಕಿ ಎದ್ದು ಹೋಗುತ್ತಾನೆ.

ಆದರೆ ಆ ಶನಿವಾರ ಚೌಕ ಬಂದಾಗ ಪಕ್ಕದಲ್ಲಿ ಕುಬೇರ ನಿಂತಿದ್ದ. ಈ ಕುಬೇರ ಅಂಗಡಿಯ ಮಾಳಿಗೆಯ ಮೇಲಿನ ಖೋಲಿಯಲ್ಲಿದ್ದ ಹುಡುಗ, ಮದುವೆಯಾಗಿ ಎರಡು ವರ್ಷ. ವೆರ್ಣಾದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದವರ ಹಿಂದೆ ವೈರು ಹೊತ್ತು ತಿರುಗುವ ಕೆಲಸ. ವೈರಿನ ಜೊತೆಗೆ ಒಂದಷ್ಟು ವಿದ್ಯೆಯೂ ಹತ್ತಿಕೊಂಡಿತ್ತು. ವಿದ್ಯೆಗಿಂತ ಧೈರ್ಯ ಹೆಚ್ಚು ಹತ್ತಿಕೊಂಡಿತ್ತು.

"ಕಾಕಾ, ಇದರಾಗ ಏನ್ ಬರದಾರ ಓದೀರೇನು?"

"ಓದಿ ಏನ್ ಮಾಡೂದೈತಿ?"

"ನಿಮ್ಮ ವಿಂಡೋಸಿಗೆ ಇನ್ನ ಮ್ಯಾಲೆ ಕಂಪನಿಯವರು ರಿಪೇರಿ ಕೊಡೂದಿಲ್ಲಂತ. ಯಾವನರ ಕಳ್ಳ ಒಳಗ ಹೊಕ್ಕ ಅಂದ್ರ ಕೇಳವರಿಲ್ಲ. ಹೊಸಾ ವಿಂಡೋಸು ಈ ಮುದಿ ಮಶೀನಿಗೆ ಏರೂದಿಲ್ಲ."

"ಹಂಗಾರ ಏನ್ ಮಾಡಬೇಕೋ?"

"ಲಿನಕ್ಸ್ ಹಾಕೂಣು. ಪುಕ್ಕಟೆ. ಕಳ್ಳರ ಕಾಟ ಇಲ್ಲ."

"ಮತ್ತ ನನ್ನ ಸಾಮಾನೆಲ್ಲ? ಕನ್ನಡ ಟೈಪಿಂಗು, ಫೋಟೊ ತಿದ್ದೂದು, ಜಾತಕ?"

"ಅಯ್ಯ ಕಾಕಾ, ಎಲ್ಲಕ್ಕೂ ಬದಲಿ ಐತಿ," ಎಂದ ಕುಬೇರ. ಎಷ್ಟು ಭರವಸೆಯಿಂದ ಎಂದನೆಂದರೆ, ಕಂಠೆಪ್ಪ ರವಿವಾರ ಅಂಗಡಿಯ ಕೀಲಿಕೈಯನ್ನೇ ಅವನ ಕೈಗೆ ಕೊಟ್ಟು ನಿದ್ದೆ ಮಾಡಿದ.

ಕೊರ್ತಾಲಿಮ್ ಸರ್ಕಲ್ಲಿನಿಂದ ಜುವಾರಿ ಸೇತುವೆಯ ಕಡೆ ಹೊರಟರೆ ಮೊದಲು ಕಾಸೀಮಸಾಬನ ಆಮ್ಲೆಟ್ ಗಾಡಿ, ಅದರ ಬೆನ್ನಿಗೆ ಕಂಠೆಪ್ಪನ 'ಶ್ರೀ ಹುಲಿಗೆಮ್ಮ ಕಂಪ್ಯೂಟರ್ ಸೆಂಟರ್'. ಝೆರಾಕ್ಸು, ಆಧಾರ್ ಪ್ರಿಂಟು, ಪಾಸ್‌ಪೋರ್ಟ್ ಫೋಟೊ, ಇವೆಲ್ಲ ಉಳಿದ ಅಂಗಡಿಗಳಲ್ಲೂ ಇದ್ದವು. ಕಂಠೆಪ್ಪನಲ್ಲಿ ಮಾತ್ರ ಇದ್ದದ್ದು ಜಾತಕ. ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದು ಇಲ್ಲಿ ಗಾರೆ ಕಲಸುವ, ಬಂದರಿನಲ್ಲಿ ದುಡಿಯುವ ಮಂದಿಗೆ ಗಂಡು ಹೆಣ್ಣು ಕೂಡಿಸಬೇಕೆಂದರೆ ಕನ್ನಡದಲ್ಲಿ ಹೇಳುವ ಐನೋರು ಹತ್ತಿರದಲ್ಲಿಲ್ಲ. ಕಂಠೆಪ್ಪ ಯಾವುದೋ ಕಾಲದಲ್ಲಿ ಬೆಳಗಾವಿಯಿಂದ ಒಂದು ಜಾತಕದ ಸಿ.ಡಿ. ತಂದು ಹಾಕಿದ್ದ. ಹೆಸರು ಹಾಕು, ತಾರೀಖು ಹಾಕು, ಒತ್ತು. ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡಿದವು ಎಂದು ಬರುತ್ತಿತ್ತು. ಹದಿನೆಂಟಕ್ಕೆ ಪಾಸು.

ಈ ತಾರೀಖಿನದೂ ಒಂದು ಕತೆ. ಊರಿನ ಸಾಲೆಯಲ್ಲಿ ಹೆಸರು ಹಚ್ಚುವಾಗ ಮಾಸ್ತರರು ಹುಟ್ಟಿದ ದಿನ ಕೇಳಿದರೆ ತಾಯಂದಿರು, "ಸೀಗಿ ಹುಣ್ಣಿವಿ ಮುಂದ್ರಿ, ನಮ್ಮ ಕೆಂದಾಕಳ ಕರ ಹಾಕಿತ್ತಲ್ರಿ, ಆವಾಗ," ಅನ್ನುತ್ತಿದ್ದರು. ಮಾಸ್ತರರು ಆಕಳಿನ ಕತೆಯನ್ನೆಲ್ಲ ಕೇಳಿಸಿಕೊಂಡು ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ಕಂಠೆಪ್ಪನಲ್ಲಿಗೆ ಬಂದ ಗಂಡುಗಳದೂ ಜೂನ್ ಒಂದು, ಹೆಣ್ಣುಗಳದೂ ಜೂನ್ ಒಂದು. ಎಲ್ಲ ಜೋಡಿಗೂ ಕೂಡುತ್ತಿದ್ದದ್ದು ಇಪ್ಪತ್ತೆಂಟು ಗುಣ. ಒಂದೇ ದಿನ ಹುಟ್ಟಿದವರಿಗೆ ಒಂದೇ ಗುಣ ಬಾರದೆ ಮತ್ತೇನು ಬರಬೇಕು? ಕಂಠೆಪ್ಪ ಹಾಗೇ ತಿಳಿದಿದ್ದ. ಬಂದವರೂ ಹಾಗೇ ತಿಳಿದು, ಇಪ್ಪತ್ತೆಂಟನ್ನು ಹಣೆಗೆ ಒತ್ತಿಕೊಂಡು ಹೋಗುತ್ತಿದ್ದರು.

ಸೋಮವಾರ ಮುಂಜಾನೆ ಕಂಠೆಪ್ಪ ಹೊಸ ಅಂಗಿ ತೊಟ್ಟು ಅಂಗಡಿಗೆ ಬಂದ. ಅಂದು ಅವನ ಮನೆಯ ದೊಡ್ಡ ದಿನ. ಮಗಳು ಜಯಶ್ರೀ ವಾಸ್ಕೋದ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಹೋಗುವ ಬಸ್ಸಿನಲ್ಲೇ ದಿನಾ ಬಂದರಿಗೆ ಹೋಗುವ ಸೋಮು ಎಂಬ ವೈರಿಂಗ್ ಹುಡುಗ. ಬಸ್ಸು ದಿನಾ ಒಂದೇ, ಸೀಟೂ ದಿನಾ ಒಂದೇ ಆಗತೊಡಗಿತು. ಹುಡುಗ ಚಲೋ, ಚಟವಿಲ್ಲ, ಮಗಳ ಮುಖ ನೋಡಿದರೆ ಸಾಕು ಕಂಠೆಪ್ಪನಿಗೆ ಎಲ್ಲ ತಿಳಿಯುತ್ತಿತ್ತು. ಅವಳೊಬ್ಬಳೇ ಮಗಳು. ಅವಳು ಕಣ್ಣೀರು ಹಾಕಿದರೆ ತನ್ನ ಕೈಲಿ ನೋಡಲಾಗದು ಎಂದು ಅವನು ಹೆಂಡತಿಗೆ ಎಷ್ಟೋ ಸಲ ಹೇಳಿದ್ದ.

ಅಡ್ಡವಿದ್ದದ್ದು ಸೋಮುವಿನ ಅಪ್ಪ ನಿಂಗಣ್ಣ. ಸಾಂಖಳಿಯಲ್ಲಿ ದೊಡ್ಡ ಮೇಸ್ತ್ರಿ, ಹಟದ ಮನುಷ್ಯ. ಅವನ ಹಿರಿಯ ಮಕ್ಕಳಿಬ್ಬರ ಜಾತಕವೂ ಕಂಠೆಪ್ಪನಲ್ಲೇ ಕೂಡಿದ್ದವು. ಬೆಳಿಗ್ಗೆ ಅವನ ಫೋನು ಬಂತು.

"ಕಂಠೆಪ್ಪಾ, ಸಂಜಿ ಐದಕ್ಕ ಬರ್ತೀನಿ. ಜಾತಕ ನನ್ನ ಮುಂದ ಕೂಡಿಸಬೇಕು, ನಾ ಕಣ್ಣಾರೆ ನೋಡಬೇಕು. ನೋಡಿದ ಮ್ಯಾಲೇ ಮುಂದಿನ ಮಾತು."

"ಆಗಲ್ರಿ ನಿಂಗಣ್ಣಾರ. ನಮ್ಮ ಮಶೀನು ನಿಮಗ ಗೊತ್ತೇ ಐತಲ್ರಿ."

"ನಿನ್ನ ಮಶೀನು ನನಗಿಂತ ಚಲೋ ಯಾರಿಗೆ ಗೊತ್ತೋ ತಮ್ಮಾ!" ಎಂದು ನಿಂಗಣ್ಣ ದೊಡ್ಡದೊಂದು ಉಸಿರು ಬಿಟ್ಟು ಫೋನಿಟ್ಟ.

ಎಂಥ ನಂಬಿಕೆ ಎಂದು ಕಂಠೆಪ್ಪನ ಎದೆ ತುಂಬಿ ಬಂತು. ಬೀಗರೆದುರಿಗೇ ಕೂಡಿಸಬೇಕೆಂದು ಅವನೂ ಮೊದಲೇ ಗುಟ್ಟಾಗಿ ನೋಡಿರಲಿಲ್ಲ. ದೇವರ ಫೋಟೊಗೆ ಕೈಮುಗಿದು ಕಂಪ್ಯೂಟರ್ ಹಚ್ಚಿದ.

ಪರದೆ ಬೆಳಗಿತು. ಹಳೆಯ ಹಸಿರು ಗುಡ್ಡವಿಲ್ಲ, ಹಳದಿ ಚೌಕವಿಲ್ಲ. ಕರೀ ಕೋಟು ತೊಟ್ಟ ದಪ್ಪನೆಯ ಹಕ್ಕಿಯೊಂದು ನಿಂತು ಅವನನ್ನೇ ನೋಡುತ್ತಿತ್ತು. ಫೋಟೊ ತಿದ್ದುವ ಸಾಫ್ಟ್‌ವೇರಿನ ಜಾಗದಲ್ಲಿ ನಾಯಿಯೋ ನರಿಯೋ ತಿಳಿಯದ ಪ್ರಾಣಿ ಬಾಯಲ್ಲಿ ಕುಂಚ ಕಚ್ಚಿಕೊಂಡಿತ್ತು. ಕನ್ನಡ ಟೈಪಿಂಗ್ ಇತ್ತು, ಆದರೆ 'ಕ' ಒತ್ತಿದರೆ 'ಪ' ಬಂತು, 'ಪ' ಒತ್ತಿದರೆ ಏನೂ ಬರಲಿಲ್ಲ. ಅದೆಲ್ಲ ಹಾಳಾಗಲಿ, ಜಾತಕ? ಮೇಲೆ ಹುಡುಕಿದ, ಕೆಳಗೆ ಹುಡುಕಿದ. ಜಾತಕದ ಗಣಪತಿ ಚಿತ್ರ ಎಲ್ಲೂ ಇಲ್ಲ. ಕಂಠೆಪ್ಪ ಕುಬೇರನಿಗೆ ಫೋನು ಹಚ್ಚಿದ.

ಕುಬೇರ ಕಾರ್ಖಾನೆಯ ಬಚ್ಚಲಿನಿಂದ ಪಿಸುದನಿಯಲ್ಲಿ ಮಾತಾಡಿದ. "ಕಾಕಾ, ನಿಮ್ಮ ಫೋಟೊ, ಫೈಲು ಎಲ್ಲಾ ತಗದಿಟ್ಟೇನಿ. ಹಳೇ ಸಾಫ್ಟ್‌ವೇರ್ ತಗದಿಡಾಕ ಬರೂದಿಲ್ರಿ, ಅಳಿಸಿ ಹೋಗತಾವ."

"ಅಳಿಸಿ ಹೋತು? ಸಂಜಿಗೆ ಬೀಗರು ಬರಾಕತ್ತಾರೋ ಮಾರಾಯಾ!"

"ಗಾಬರಿ ಯಾಕ? ಬದಲಿ ಐತಿ. ಹೆಸರ ಕಳಸತೀನಿ, ಹುಡುಕಿ ಇಳಿಸಿಕೊಳ್ರಿ. ನಾ ಮೂರಕ್ಕ ಬರ್ತೀನಿ," ಎಂದು ಅವನು ಫೋನಿಟ್ಟ.

ಬದಲಿ ಇಳಿಯಿತು. ತೆರೆದರೆ ಅದು ಕೇಳಿದ ಪ್ರಶ್ನೆಗಳೋ! ಅಯನಾಂಶ ಯಾವುದು, ಅಕ್ಷಾಂಶ ಎಷ್ಟು, ರೇಖಾಂಶ ಎಷ್ಟು, ಹುಟ್ಟಿದ ಗಳಿಗೆಯಲ್ಲಿ ನಿಮಿಷ ಎಷ್ಟು, ಸೆಕೆಂಡು ಎಷ್ಟು. ಹಳೆಯದು ಒಂದು ದಿನವಾದರೂ ಇಂಥದ್ದನ್ನು ಕೇಳಿರಲಿಲ್ಲ, ಅದಕ್ಕೆ ಮರ್ಯಾದೆ ಗೊತ್ತಿತ್ತು. ಅಷ್ಟರಲ್ಲಿ ಆಮ್ಲೆಟ್ಟಿನ ಕಾಸೀಮಸಾಬ ಚಮಚ ಹಿಡಿದುಕೊಂಡೇ ಒಳಗೆ ಬಂದ. ಝೆರಾಕ್ಸಿಗೆಂದು ಚಂದ್ರಿಬಾಯಿಯೂ ಬಂದಳು. ಕನ್ನಡಿಯ ಕಸೂತಿ ಚೀಲಗಳ ಗಂಟನ್ನು ಬೀಚಿಗೆ ಒಯ್ದು ಮಾರುವ ಗಟ್ಟಿಗಿತ್ತಿ ಆಕೆ. ಗಂಟನ್ನು ಬಾಗಿಲಲ್ಲಿಟ್ಟು ಅದರ ಮೇಲೇ ಕೂತಳು. ಕಂಠೆಪ್ಪನ ಮುಖ ನೋಡಿದ ಮೇಲೆ ಇಬ್ಬರಿಗೂ ತಮ್ಮ ಕೆಲಸ ಮರೆತುಹೋಯಿತು.

ಜಯಶ್ರೀ ಮಡಗಾಂವಿನ ಆಸ್ಪತ್ರೆಯಲ್ಲಿ ಹುಟ್ಟಿದವಳು, ಅವಳದು ಖರೇ ತಾರೀಖು, ಖರೇ ಗಳಿಗೆ. ಸೋಮುವಿನದು ಜೂನ್ ಒಂದು, ಗಳಿಗೆ ಅಂದಾಜಿನದು. ಕಂಠೆಪ್ಪ ಎರಡನ್ನೂ ತುಂಬಿ ಒತ್ತಿದ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಬಂತು: ಒಂಬತ್ತೂವರೆ ಗುಣ. ಕೆಳಗೆ, ನಾಡಿದೋಷ, ಈ ಸಂಬಂಧ ಬೇಡ.

ಕಂಠೆಪ್ಪ ತಲೆಯ ಮೇಲೆ ಕೈಹೊತ್ತ. "ಒಂಬತ್ತೂವರಿ! ನನ್ನ ಮಗಳಿಗೆ ಒಂಬತ್ತೂವರಿ!"

"ಅಯ್ಯ, ಒಂದಕ್ಕ ನಂಬಬ್ಯಾಡ್ರಿ," ಎಂದ ಕಾಸೀಮಸಾಬ. "ಡಾಕ್ಟರಾದ್ರೂ ಇಬ್ಬರನ್ನ ಕೇಳತೀವಿ. ಮೊಬೈಲಿನಾಗ ಇಂಥಾವ ರಗಡ ಅದಾವ, ತಡೀರಿ."

ಅವನ ಮೊಬೈಲು ಹದಿಮೂರು ಎಂದಿತು. ಚಂದ್ರಿಬಾಯಿಯ ಮೊಬೈಲು ಹದಿನೇಳೂವರೆ ಎಂದಿತು.

"ಏರಾಕತ್ತೈತಿ, ಏರಾಕತ್ತೈತಿ!" ಕಾಸೀಮಸಾಬ ಕುಣಿದ. "ಅರ್ಧ ಮಾರ್ಕಿನಾಗ ನಪಾಸ. ಸಾಲ್ಯಾಗಾದ್ರ ಮಾಸ್ತರ್ರ ಕೈಯಿಂದ ಹಾಕತಿದ್ರು. ಇನ್ನೊಂದ ನೋಡ್ರಿ ಕಂಠೆಪ್ಪಣ್ಣ, ಫಸ್ಟ್ ಕ್ಲಾಸ್ ಬರತೈತಿ."

ಇನ್ನೊಂದನ್ನು ನೋಡಿದರು. ಏಳಕ್ಕೆ ಇಳಿಯಿತು.

"ಹುಟ್ಟಿದ ಗಳಿಗಿ ಒಂಚೂರು ಹಿಂದ ಮುಂದ ಮಾಡಣ್ಣಾ," ಎಂದಳು ಚಂದ್ರಿಬಾಯಿ. "ಗಿರಾಕಿ ಹಿಡಿಸಿಲ್ಲ ಅಂದ್ರ ನಾನೂ ಚೀಲಾ ತಿರುವಿ ಹಿಡೀತೀನಿ."

ಕಂಠೆಪ್ಪ ಹತ್ತು ನಿಮಿಷ ಹಿಂದೆ ಹಾಕಿದ, ಹತ್ತು ನಿಮಿಷ ಮುಂದೆ ಹಾಕಿದ. ಒಂಬತ್ತೂವರೆ ಅಲುಗಲಿಲ್ಲ. ಇದರ ತಲೆಯೇ ಕೆಟ್ಟಿದೆಯೋ ನೋಡೋಣವೆಂದು ತನ್ನದೂ ತನ್ನ ಹೆಂಡತಿಯದೂ ತಾರೀಖು ಹಾಕಿದ. ಇವರ ಲಗ್ನವಾದದ್ದು ಈ ಕಂಪ್ಯೂಟರುಗಳೆಲ್ಲ ಬರುವ ಮುಂಚೆ, ಯಾವ ಜಾತಕವೂ ಇಲ್ಲದೆ. ಪರದೆ ಬಹಳ ಹೊತ್ತು ಯೋಚಿಸಿ ನಾಲ್ಕು ಗುಣ ಎಂದಿತು. ಕೆಳಗೆ, ನಿತ್ಯ ಕಲಹ.

"ಎಷ್ಟಂತ?"

ಕಂಠೆಪ್ಪ ತಿರುಗಿ ನೋಡಿದ. ಊಟದ ಡಬ್ಬಿ ಹಿಡಿದು ಹೆಂಡತಿ ಹುಲಿಗೆವ್ವ ಬೆನ್ನಿಗೇ ನಿಂತಿದ್ದಳು.

"ನಾ... ನಾಕು."

"ನಾಕ?" ಹುಲಿಗೆವ್ವ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ಸಲುವಾಗಿ ಊರ ಬಿಟ್ಟು ಬಂದು, ಸೇತುವಿ ಕಟ್ಟಾಗ ಬುಟ್ಟಿ ಹೊತ್ತು, ಈ ಅಂಗಡಿ ಹಾಕಿಸಿ ಕೊಟ್ಟೇನಿ. ನನಗ ನಾಕು ಮಾರ್ಕು!"

"ನಾ ಅಲ್ಲ ಕೊಟ್ಟಿದ್ದು, ಮಶೀನು..."

"ಮಶೀನಿಗೆ ಯಾರ ಹೇಳಿಕೊಟ್ಟಾರ?" ಎಂದವಳು, ವಿಷಯವೆಲ್ಲ ಕೇಳಿದ ಮೇಲೆ ಮಾತ್ರ ಮೆತ್ತಗಾದಳು. ಮಗಳ ಹೆಸರು ಬಂದರೆ ಆಕೆಯೂ ಅಷ್ಟೇ. ಸೆರಗಿನಿಂದ ಕಣ್ಣೊರೆಸಿಕೊಂಡು, "ಜಯಿ ಮುಂಜಾನಿಂದ ಒಂದು ತುತ್ತು ತಿಂದಿಲ್ರಿ. ಏನರ ಮಾಡ್ರಿ. ಆ ಹಳೇದನ್ನ ಹಾಕ್ರಿ. ಅದರಾಗ ಯಾರಿಗರ ಇಪ್ಪತ್ತೆಂಟಕ್ಕ ಕಡಿಮಿ ಬಂದದ್ದೈತೇನು?" ಎಂದಳು.

"ಹಳೇದಕ್ಕ ಸಿ.ಡಿ. ಬೇಕಲ್ಲ. ಈ ಖಾನೆದಾಗ ಇತ್ತು..."

ಹುಲಿಗೆವ್ವ ಕಾಸೀಮಸಾಬನ ಮುಖ ನೋಡಿದಳು. ಕಾಸೀಮಸಾಬ ಚಾವಣಿ ನೋಡಿದ.

ನಡೆದದ್ದಿಷ್ಟು. ಮಳೆಗಾಲಕ್ಕೆಂದು ಕಾಸೀಮಸಾಬ ಅಂಗಡಿಯ ಮುಂದಿನ ತಗಡಿನ ಚಪ್ಪರದ ಮೇಲೆ ಒಣಮೀನು ಹರಡಿದ್ದ. ಕಾಗೆಗಳ ಕಾಟ. ಬಿಸಿಲಿಗೆ ಫಳಫಳ ಹೊಳೆಯುವುದನ್ನು ಕಟ್ಟಿದರೆ ಕಾಗೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಹುಲಿಗೆವ್ವ ಖಾನೆಯಲ್ಲಿದ್ದ ಸಿ.ಡಿ.ಗಳನ್ನೆಲ್ಲ ಎತ್ತಿ ಕೊಟ್ಟಿದ್ದಳು.

ಮುಂದಿನದನ್ನು ಹೇಳಲು ಬೇಸರವಾಗುತ್ತದೆ. ಕಂಠೆಪ್ಪ ಹೊಸ ಅಂಗಿಯಲ್ಲೇ ತಗಡು ಹತ್ತಿದ. ಕೆಳಗಿನಿಂದ ಕಾಸೀಮಸಾಬ, "ಎಡಕ್ಕ ಬ್ಯಾಡ್ರಿ, ಅಲ್ಲಿ ಸಿಗಡಿ ಅದಾವ!" ಎಂದು ಕೂಗಿದರೆ ಚಂದ್ರಿಬಾಯಿ, "ಬಲಕ್ಕ ಬ್ಯಾಡಣ್ಣಾ, ಅಲ್ಲಿ ತಗಡ ಹರದೈತಿ!" ಎಂದು ಕೂಗಿದಳು. ನಡುವೆ ಹೋದರೆ ಒಣ ಬಂಗಡೆಗಳ ಹಾಸಿಗೆ. ಅವನು ಅದರ ಮೇಲೆ ಅಂಗಾತ ಬಿದ್ದ. ಕಾಗೆಗಳು ಸಿ.ಡಿ.ಗಳಿಗೆ ಒಂದಿಷ್ಟೂ ಹೆದರದೆ ಅವನ ತಲೆಯ ಸುತ್ತ ಸಭೆ ಸೇರಿದವು. ಅವನು ಒಂದೊಂದೇ ಸಿ.ಡಿ. ಬಿಚ್ಚಿದ. ಒಂದು ಭಜನೆಯದು, ಒಂದು ಪ್ರಿಂಟರಿನದು, ಮೂರನೆಯದರ ಮೇಲೆ ಮಾಸಿದ ಗಣಪತಿ! ಅವನು ಅದನ್ನು ಎದೆಗೊತ್ತಿಕೊಂಡು ಇಳಿಯುವಾಗ ಅಂಗಿಯ ತೋಳು ತಗಡಿಗೆ ಸಿಕ್ಕು ಪರ್ರನೆ ಹರಿಯಿತು.

ಮೂರಕ್ಕೆ ಕುಬೇರ ಬಂದ. ಬಂದವನೇ ಮೂಗು ಹಿಡಿದುಕೊಂಡ.

"ಕಾಕಾ, ಏನ್ರಿ ಇದು ವಾಸನಿ?"

"ನಿನ್ನ ಲಿನಕ್ಸಿಂದು," ಎಂದ ಕಂಠೆಪ್ಪ. "ಇದನ್ನ ಹಾಕು ಮೊದಲ."

ಸಿ.ಡಿ.ಗೆ ಹಲ್ಲುಜ್ಜುವ ಪೇಸ್ಟು ತಿಕ್ಕಿದರು, ಹುಲಿಗೆವ್ವನ ಸೆರಗಿನಿಂದ ಒರೆಸಿದರು. ಹೊಸದರ ಹೊಟ್ಟೆಯೊಳಗೆ ಹಳೆಯದನ್ನು ಓಡಿಸುವ ಉಪಾಯವೊಂದು ಲಿನಕ್ಸಿನಲ್ಲಿ ಇದೆಯಂತೆ. ಕುಬೇರ ಏನೇನೋ ಕುಟ್ಟಿದ. ಸಿ.ಡಿ. ಕರಕರ ಅಂದಿತು, ನಿಂತಿತು, ಮತ್ತೆ ಕರಕರ ಅಂದಿತು. ನಾಲ್ಕು ಗಂಟೆಯ ಸುಮಾರಿಗೆ ಪರದೆಯ ಮೇಲೆ ಗಣಪತಿ ಪ್ರತ್ಯಕ್ಷನಾದ. ಕಂಠೆಪ್ಪ ಮೀನಿನ ಕೈಯಲ್ಲೇ ಕೈಮುಗಿದ.

ಗಣಪತಿಯ ಹಿಂದೆಯೇ ಒಂದು ಚೌಕ ಬಂತು. ಕಂಠೆಪ್ಪನ ಬೆರಳು ತಾನಾಗಿ ಓಕೆಯ ಕಡೆ ಹೋಯಿತು.

"ತಡೀರಿ ಕಾಕಾ, ಏನೋ ಬರದಾರ."

"ಅದು ದಿನಾ ಬರ್ತಿತ್ತೋ. ಒತ್ತಿದ್ರ ಹೋಗತೈತಿ."

ಕುಬೇರ ಒತ್ತಲಿಲ್ಲ. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಓದಿದ. ಓದಿ ಮುಗಿಸಿದವನು ಸ್ಟೂಲಿನ ಮೇಲೆ ಕುಕ್ಕರಿಸಿದ.

"ಕಾಕಾ, ಇದು ಬರೇ ತೋರಿಸೂ ಪ್ರತಿ ಅಂತ್ರಿ. ಪುಕ್ಕಟೆ ನೋಡವರಿಗೆ ಮಾದರಿ. ಯಾರ ಹೆಸರ ಹಾಕಿದ್ರೂ ಒಂದೇ ಉತ್ತರ ಬರತೈತಂತ. ಖರೇ ಜಾತಕ ಬೇಕಂದ್ರ ಪೂರ್ಣ ಪ್ರತಿ ಕೊಳ್ಳಬೇಕಂತ."

ಕಾಸೀಮಸಾಬನೇ ಮೊದಲು ಸುಧಾರಿಸಿಕೊಂಡ. "ನೋಡೇ ಬಿಡೂಣಲ್ಲ. ಹೆಣ್ಣು, ನನ್ನ ಮೇಕಿ ಗುಲಾಬಿ. ಗಂಡು..." ಅವನು ಸುತ್ತ ನೋಡಿದ. "ಗಂಡು, ನಮ್ಮ ಜುವಾರಿ ಸೇತುವಿ!"

ಕುಬೇರ ಮೇಕೆಯನ್ನೂ ಸೇತುವೆಯನ್ನೂ ತುಂಬಿ ಒತ್ತಿದ. ಘಂಟೆಯ ಸದ್ದಾಯಿತು, ಹೂಮಳೆ ಸುರಿಯಿತು. ಇಪ್ಪತ್ತೆಂಟು ಗುಣ. ಉತ್ತಮ ದಾಂಪತ್ಯ, ಸಂತಾನ ಯೋಗ.

ಕಂಠೆಪ್ಪನಿಗೆ ಕೊರ್ತಾಲಿಮಿನ ಚಾಳುಗಳೆಲ್ಲ ಕಣ್ಣ ಮುಂದೆ ಬಂದವು. ಎಷ್ಟು ಮದುವೆ, ಎಷ್ಟು ಮಕ್ಕಳು, ಎಲ್ಲ ಮೇಕೆ ಮತ್ತು ಸೇತುವೆಯ ಸಾಲಿನವರೇ!

"ನನ್ನ ಎರಡೂ ಹೆಣ್ಣುಮಕ್ಕಳದೂ ಇಪ್ಪತ್ತೆಂಟು," ಎಂದಳು ಚಂದ್ರಿಬಾಯಿ.

"ಕಾಕಾ," ಕುಬೇರನ ದನಿ ಅಳುವ ಹಾಗಿತ್ತು, "ನಂದೂ ರೇಣುಂದೂ ಇಲ್ಲೇ ಕೂಡಿಸಿದ್ರಲ್ಲರಿ?"

ಮಾಳಿಗೆಯ ಮೇಲಿನ ಖೋಲಿಯಿಂದ ಇಬ್ಬರೂ ಪಾತ್ರೆ ಎಸೆದಾಡುವ ಸದ್ದು ವಾರಕ್ಕೆ ಎರಡು ಸಲವಾದರೂ ಅಂಗಡಿಗೆ ಕೇಳಿಸುತ್ತಿತ್ತು. ಕಂಠೆಪ್ಪ, ಇನ್ನು ಜನ್ಮದಲ್ಲಿ ಯಾವ ಚೌಕವನ್ನೂ ಓದದೆ ಒತ್ತುವುದಿಲ್ಲ ಎಂದು ಗಣಪತಿಯ ಮುಂದೆ ಗಲ್ಲ ಬಡಿದುಕೊಂಡ.

ಹಾಗಾದರೆ ನಿಂಗಣ್ಣನಿಗೆ ಏನು ತೋರಿಸುವುದು? ಖರೇ ಅಂದರೆ ಒಂಬತ್ತೂವರೆ, ಮಗಳ ಬಾಳು ಅಲ್ಲಿಗೇ ಮುಗಿಯಿತು. ಸುಳ್ಳೆಂದರೆ ಇಪ್ಪತ್ತೆಂಟು. ಗೊತ್ತಿಲ್ಲದೆ ತೋರಿಸಿದ್ದು ಬೇರೆ, ಗೊತ್ತಿದ್ದೂ ತೋರಿಸುವುದು ಕಂಠೆಪ್ಪನ ಲೆಕ್ಕದಲ್ಲಿ ಮೋಸ. ಅಷ್ಟರಲ್ಲಿ ಜಯಶ್ರೀ ಅರ್ಧ ರಜೆ ಹಾಕಿ ಬಂದಳು. ಹಿಂದೆ ಸೋಮು. ಇಬ್ಬರೂ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡಿದರು. ಅಪ್ಪನ ಅಂಗಿ ಹರಿದದ್ದನ್ನಾಗಲಿ ಮೀನಿನ ವಾಸನೆಯನ್ನಾಗಲಿ ಮಗಳು ಕೇಳಲೇ ಇಲ್ಲ.

"ಅಪ್ಪಾ, ಮಶೀನು ಸುರು ಐತಿಲ್ಲೋ?" ಎಂದಷ್ಟೇ ಕೇಳಿದಳು.

"ಐತವ್ವಾ," ಎಂದ ಕಂಠೆಪ್ಪ. ಪಾಪವಾದರೆ ತನಗೇ ಬರಲಿ, ಇಪ್ಪತ್ತೆಂಟನ್ನೇ ತೋರಿಸುತ್ತೇನೆ ಎಂದು ಆ ಗಳಿಗೆಯಲ್ಲಿ ನಿರ್ಧಾರ ಮಾಡಿದ.

ಐದಕ್ಕೆ ನಿಂಗಣ್ಣ ಬಂದ. ತಲೆಗೆ ಬಿಳಿ ಟೊಪ್ಪಿಗೆ, ಕೈಯಲ್ಲಿ ಚೀಲ, ಮುಖ ಗಂಟು. ಕೊಟ್ಟ ಚಹಾ ಕುಡಿಯಲಿಲ್ಲ. ಕುರ್ಚಿಯನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಎಳೆದುಕೊಂಡು, "ಒತ್ತು," ಎಂದ.

ಕಂಠೆಪ್ಪ ಹೆಸರು ತುಂಬಿದ, ತಾರೀಖು ತುಂಬಿದ. ಮಗಳ ಕಡೆ ನೋಡಲಾರದೆ ಕಣ್ಣು ಮುಚ್ಚಿ ಒತ್ತಿದ. ಘಂಟೆ ಮೊಳಗಿತು, ಹೂಮಳೆ ಸುರಿಯಿತು.

"ಇಪ್ಪತ್ತೆಂಟು!" ಕಾಸೀಮಸಾಬ ಚಮಚದಿಂದ ಕಿಟಕಿಯ ಸರಳು ಬಾರಿಸಿದ. "ಮುಬಾರಕ್!"

ನಿಂಗಣ್ಣ ಎದ್ದು ನಿಂತ. ಮುಖ ಬಿಳಿಚಿಕೊಂಡಿತ್ತು.

"ಇದ ಬರತೈತಿ ಅಂತ ನನಗ ಗೊತ್ತಿತ್ತು," ಎಂದ. "ನಡಿಯೋ ಸೋಮ್ಯಾ. ಈ ಲಗ್ನ ಬ್ಯಾಡ."

"ಅಪ್ಪಾ!" ಎಂದ ಸೋಮು.

"ಯಾಕ್ರಿ ನಿಂಗಣ್ಣಾರ? ಇಪ್ಪತ್ತೆಂಟು ಗುಣ ಕೂಡ್ಯಾವ..."

"ಕೂಡೇ ನನ್ನ ಮನಿ ಹಾಳಾಗೇತಿ!" ನಿಂಗಣ್ಣ ಒಮ್ಮೆಲೇ ಸ್ಫೋಟಿಸಿದ. "ದೊಡ್ಡವಂದು ಇಪ್ಪತ್ತೆಂಟು. ಅವ ಹೆಂಡ್ತಿ ಕೂಡ ಮಾತ ಬಿಟ್ಟು ಎಷ್ಟ ದಿನ ಆತೋ. ಇಬ್ಬರೂ ಗ್ವಾಡಿ ಕೂಡ ಮಾತಾಡತಾರ. 'ಗ್ವಾಡೀ, ಉಪ್ಪು ಕಡಿಮಿ ಆಗೇತಿ' ಅಂತಾನ ಅವ. 'ಗ್ವಾಡೀ, ಬೇಕಾದ್ರ ಹಾಕ್ಕೊಳ್ಳಲಿ' ಅಂತಾಳ ಆಕಿ. ಎರಡನೇದವಂದೂ ಇಪ್ಪತ್ತೆಂಟು. ಅವ ಹೊದಿಕಿ ತಗೊಂಡು ನನ್ನ ಖೋಲ್ಯಾಗ ಬಂದು ಮಲಗತಾನ, ಗೊರಕಿ ಬ್ಯಾರೆ. ಹೊರಗಿನವರ ಮುಂದ ಹಾಲು ಸಕ್ಕರಿ ಅಂತ ಹೇಳೀನಿ, ಮರ್ಯಾದಿ ಸಲುವಾಗಿ. ನಾನೂ ನಮ್ಮಾಕಿನೂ ಲಗ್ನ ಆಗುವಾಗ ಊರ ಐನೋರು ಎಂಟ ಗುಣ ಅಂದಿದ್ರು. ಎಂಟು! ನಮ್ಮಪ್ಪ ಹಟಕ್ಕ ಬಿದ್ದು ಮಾಡಿದ. ಇವತ್ತಿನ ತನಕ ಒಂದ ಕೆಟ್ಟ ಮಾತಿಲ್ಲ. ಸೋಮ್ಯಾಗರ ಬ್ಯಾರೆ ಏನರ ಬರಲೆಪ್ಪಾ ಅಂತ ದೇವರಿಗೆ ಬೇಡಕೊಂಡು ಬಂದಿದ್ದೆ. ಕಣ್ಣಾರೆ ನೋಡಿದೆ. ಮುಗೀತು."

ಜಯಶ್ರೀಯ ಕಣ್ಣು ತುಂಬಿ ಬಂದವು. ಕಂಠೆಪ್ಪನಿಗೆ ಮಾತ್ರ ಅಳುವುದೋ ನಗುವುದೋ ತಿಳಿಯಲಿಲ್ಲ. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ನಿಂಗಣ್ಣಾರ, ಒಂದ ನಿಮಿಷ! ಅದು ಹಳೇ ಸಾಫ್ಟ್‌ವೇರ್ರಿ. ಅದು ಸುಳ್ಳು. ಮೇಕಿಗೂ ಸೇತುವಿಗೂ ಇಪ್ಪತ್ತೆಂಟೇ ಕೊಡತೈತ್ರಿ. ಹೊಸಾದು ಬಂದೈತಿ, ಖರೇದು. ಅದರಾಗ ಇವರಿಬ್ಬರಿಗೆ..." ಅವನು ಮಗಳ ಕಡೆ ಒಮ್ಮೆ ನೋಡಿದ. "ಒಂಬತ್ತೂವರಿ!"

"ಎಷ್ಟು?"

"ಒಂಬತ್ತೂವರಿ. ನಾಡಿದೋಷ ಬ್ಯಾರೆ ಐತ್ರಿ!" ಎಂದು ಕಂಠೆಪ್ಪ ಹೆಮ್ಮೆಯಿಂದ ಹೇಳಿದ.

ಕುಬೇರ ಹೊಸದನ್ನು ತೆರೆದು ತೋರಿಸಿದ. ನಿಂಗಣ್ಣ ಕೆಂಪಕ್ಷರವನ್ನು ಬೆರಳಿಟ್ಟು ಎರಡು ಸಲ ಓದಿದ. ಗಂಟು ಮುಖ ಮೆಲ್ಲಗೆ ಸಡಿಲಾಯಿತು. "ನಮಗಿಂತ ಒಂದೂವರಿ ಹೆಚ್ಚಾತು. ಇರಲಿ, ಈಗಿನ ಹುಡುಗರು, ಸುಧಾರಸ್ತಾರ," ಎಂದು ಚೀಲದಿಂದ ತೆಂಗಿನಕಾಯಿ ತೆಗೆದು ಹುಲಿಗೆವ್ವನ ಉಡಿಗೆ ಹಾಕಿದ. "ಇದರದೊಂದು ಪ್ರಿಂಟ್ ಕೊಡು, ಮನ್ಯಾಗ ತೋರಿಸಬೇಕು."

ಪ್ರಿಂಟು ಬಂತು. ಜಯಶ್ರೀ ಮೀನಿನ ವಾಸನೆಯ ಅಪ್ಪನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಕಂಠೆಪ್ಪನೂ ಅತ್ತ. ಅಲ್ಲಿಗೆ ಈ ಕತೆ ಮುಗಿಯಬೇಕಿತ್ತು.

ಆದರೆ ನಿಂಗಣ್ಣನ ದನಿ ಮೇಸ್ತ್ರಿಯ ದನಿ, ಮೂರನೆಯ ಅಂತಸ್ತಿನಲ್ಲಿದ್ದವನಿಗೂ ಕೇಳುವಂಥದ್ದು. ಅವನು ಹೇಳಿದ್ದು ಆಮ್ಲೆಟ್ಟಿನ ಗಿರಾಕಿಗಳಿಗೆಲ್ಲ ಕೇಳಿಸಿತ್ತು. ಚಂದ್ರಿಬಾಯಿ ಗಂಟು ಬಿಟ್ಟು ಚಾಳಿನ ಕಡೆ ಹೋದವಳು ಬರುವಾಗ ಅರ್ಧ ಚಾಳನ್ನೇ ಕರೆದುಕೊಂಡು ಬಂದಳು. ಎಲ್ಲರೂ ಇಪ್ಪತ್ತೆಂಟರವರೇ. ಎಲ್ಲರಿಗಿಂತ ಮುಂದೆ ಕುಬೇರನ ಹೆಂಡತಿ ರೇಣು, ಕೈಯಲ್ಲಿ ಸವುಟು.

"ಕಾಕಾ, ನಮ್ಮ ಜಗಳಕ್ಕೆಲ್ಲ ನಿಮ್ಮ ಇಪ್ಪತ್ತೆಂಟೇ ಕಾರಣಂತ. ಇಳಿಸಿಕೊಡ್ರಿ. ಎಂಟೋ ಒಂಬತ್ತೋ, ಚಲೋದೊಂದು ನೋಡಿ ಹಾಕ್ರಿ."

"ನಮಗೂ ಇಳಸ್ರಿ!" ಎಂದು ಹಿಂದಿನಿಂದ ಕೂಗಿದರು.

ಹುಲಿಗೆವ್ವ ಅವರನ್ನೆಲ್ಲ ಒಂದು ಸಲ ನೋಡಿದಳು. ತೆಂಗಿನಕಾಯಿ ಕಂಕುಳಲ್ಲಿಟ್ಟುಕೊಂಡು ಮೆಲ್ಲಗೆ ಮುಂದೆ ಬಂದಳು.

"ಸರೀರಿ ಎಲ್ಲಾರೂ," ಎಂದಳು. "ಬೀಗರಿಗೆ ಎಂಟು. ನಂದೂ ಇವರದೂ ಎಷ್ಟು ಗೊತ್ತೇನು? ನಾಕು! ಈ ಸರ್ಕಲ್ಲಿನಾಗ ಯಾರಿಗರ ನಾಕು ಐತೇನು ಹೇಳ್ರಿ ನೋಡೂಣು. ರೀ, ಮೊದಲ ನನ್ನ ನಾಕು ಪ್ರಿಂಟ್ ತಗೀರಿ. ದೊಡ್ಡದಾಗಿ ತಗೀರಿ, ಕಟ್ಟು ಹಾಕಿಸಿ ಗ್ವಾಡಿಗೆ ಹಚ್ಚತೀನಿ."

ಮಧ್ಯಾಹ್ನ ಬೈಸಿಕೊಂಡ ನಾಲ್ಕು ಸಂಜೆಗೆ ಪದಕವಾಗಿತ್ತು. ಕಂಠೆಪ್ಪನಿಗೆ ಸಂತೋಷದಲ್ಲಿ ಕೈ ಓಡಲಿಲ್ಲ. ಒಬ್ಬರು ಭುಜ ಹಿಡಿದು ಜಗ್ಗುತ್ತಿದ್ದರು, ರೇಣು ಸವುಟಿನಿಂದ ಮೇಜು ಬಡಿಯುತ್ತಿದ್ದಳು. ಅವನು ತನ್ನ ಹೆಸರು ಹಾಕಿದ, ಹೆಂಡತಿಯ ಹೆಸರು ಹಾಕಿದ. ಒತ್ತಬೇಕು ಅನ್ನುವಷ್ಟರಲ್ಲಿ ಪರದೆಯ ನಡುವೆ ಒಂದು ಚೌಕ ಬಂತು.

ಕಂಠೆಪ್ಪ ಓಕೆ ಒತ್ತಿದ.

ಪರದೆ ಕಪ್ಪಾಯಿತು. ಕರೀ ಕೋಟಿನ ಹಕ್ಕಿ ಬಂದು ನಿಂತಿತು. ಅದರ ಕೆಳಗೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಇಳಿಯತೊಡಗಿದವು.

"ಕಾಕಾ, ಏನಿತ್ತು ಅದರಾಗ?" ಕುಬೇರ ಕೇಳಿದ.

"ಓದಲಿಲ್ಲೋ," ಎಂದ ಕಂಠೆಪ್ಪ.

ಕುಬೇರ ಇಳಿಯುತ್ತಿದ್ದ ಅಕ್ಷರಗಳನ್ನು ತುಟಿ ಅಲುಗಿಸುತ್ತ ಓದಿದ. "ಈ ಹೊಸಾ ಲಿನಕ್ಸಿಗೂ ಅದಕ್ಕಿಂತ ಹೊಸಾದು ಬಂದೈತಂತ್ರಿ. ನಾವು ಮ್ಯಾಲಿಂದ ಹಾಕಿದ್ದೆಲ್ಲ ತಗದು ಮೊದಲಿಂದ ಹಾಕಾಕತ್ತೈತಿ. ಹಳೇದೂ ಹೋತು, ಬದಲೀನೂ ಹೋತು." ಅವನು ಕಂಠೆಪ್ಪನ ಮುಖ ನೋಡಿ ಬೇಗನೆ ಸೇರಿಸಿದ, "ಚಿಂತಿ ಮಾಡಬ್ಯಾಡ್ರಿ ಕಾಕಾ. ಬದಲಿಗೂ ಬದಲಿ ಐತಿ."

ಇಪ್ಪತ್ತೆಂಟನ್ನಷ್ಟೇ ಕೊಟ್ಟರೂ ಹಳೆಯ ಸಿ.ಡಿ.ಯಾದರೂ ಇದೆಯಲ್ಲ ಎಂದು ಕಂಠೆಪ್ಪ ಮೇಜಿನ ಮೇಲೆ ತಡಕಾಡಿದ. ಕಾಸೀಮಸಾಬ, ಕೆಲಸ ಮುಗಿಯಿತೆಂದು, ಅದನ್ನು ಆಗಲೇ ಒಯ್ದು ಬಂಗಡೆಗಳ ಮೇಲೆ ಕಟ್ಟಿದ್ದ. ಇಪ್ಪತ್ತೆಂಟರ ಮಂದಿ ಬಾಗಿಲು ತುಂಬಿ ನಿಂತಿದ್ದರು, ಒಬ್ಬರೂ ಅಲುಗಲಿಲ್ಲ.

ಹುಲಿಗೆವ್ವ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಏನ್ರಿ," ಎಂದಳು, "ನನ್ನ ನಾಕು ಎಲ್ಲಿ?"